ಹೆಣ್ಣಾಳಿನ ಲೆಕ್ಕ

ದರೋಜಿ ಕೆರೆಯ ಕೆಳಗಿನ ಗದ್ದೆಗಳಲ್ಲಿಯೂ ಕಂಪ್ಲಿಯ ಕಡೆಗೆ ತುಂಗಭದ್ರೆಯ ಕಾಲುವೆ ಹಾಯ್ದ ನೆಲದಲ್ಲಿಯೂ ಭತ್ತದ ಸಸಿಯನ್ನು ನಾಟಿಮಾಡುವ ಕೈಗಳು ಬಹುತೇಕ ಹೆಂಗಸರವೇ. ಕೆಸರಿನಲ್ಲಿ ಕಾಲೂರಿ, ಬೆನ್ನು ಬಾಗಿಸಿ, ಸಾಲು ತಪ್ಪದಂತೆ ಹಿಂದೆ ಹಿಂದೆ ಸರಿಯುತ್ತ ದಿನವಿಡೀ ದುಡಿಯುವುದಕ್ಕೆ ಎಂಥ ಅಭ್ಯಾಸ, ಎಂಥ ಸಹನೆ ಬೇಕೆಂಬುದನ್ನು ಒಂದು ಗಳಿಗೆ ಗದ್ದೆಗಿಳಿದವರು ಬಲ್ಲರು. ಆದರೂ ಅದು ‘ಹಗುರ ಕೆಲಸ’ವೆಂಬುದು ರೂಢಿಯ ಮಾತು. ಗಂಡಾಳು, ಹೆಣ್ಣಾಳು ಎಂಬ ಎರಡು ಶಬ್ದಗಳನ್ನು ಉಚ್ಚರಿಸಿದೊಡನೆಯೇ ಕೂಲಿ ನಿಶ್ಚಿತವಾಗುತ್ತದೆ. ಮಾಡಿದ ಕೆಲಸವನ್ನು ತೂಗಿನೋಡುವ ಪ್ರಮೇಯವೇ ಒದಗುವುದಿಲ್ಲ.

ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ವವನ್ನು ಸಂವಿಧಾನದ 39ನೆಯ ವಿಧಿ ಒಪ್ಪಿಕೊಂಡಿತು. 1976ರ ಸಮಾನ ವೇತನದ ಕಾಯಿದೆ ಅದಕ್ಕೆ ಬಲ ಕೊಟ್ಟಿತು. ಆದರೆ ಉಳುಮೆ ಗಂಡಸಿನದು, ನಾಟಿ ಮತ್ತು ಕಳೆ ಹೆಂಗಸಿನದು ಎಂದು ಕೆಲಸವನ್ನೇ ಮೊದಲು ವಿಭಾಗಿಸಿಟ್ಟ ಮೇಲೆ ಯಾವುದನ್ನು ಯಾವುದಕ್ಕೆ ಹೋಲಿಸಬೇಕು? ಕಾಯಿದೆಯ ಕೈಗೆ ಸಿಕ್ಕದಂತೆ ಅಸಮಾನತೆ ಅಡಗುವ ಸ್ಥಾನ ಇದೇ ಎಂದು ನನ್ನ ಬಲವಾದ ಅಭಿಪ್ರಾಯ. 2005ರ ಉದ್ಯೋಗ ಖಾತರಿ ಕಾಯಿದೆಯ ಕಾಮಗಾರಿಗಳಲ್ಲಿ ಸ್ತ್ರೀಪುರುಷರಿಗೆ ಒಂದೇ ದರವೆಂದಾದುದು ಆ ಕಾರಣದಿಂದಲೇ ಸಣ್ಣ ಸಂಗತಿಯಲ್ಲ. ಸಂಡೂರಿನ ಗಣಿಗಳ ಕಥೆ ಬೇರೆ: ಅಲ್ಲಿ 1952ರ ಗಣಿ ಕಾಯಿದೆ, ಹೆಂಗಸರ ರಕ್ಷಣೆಯ ನೆಪದಲ್ಲಿ, ಸಂಜೆ 7ರಿಂದ ಬೆಳಗಿನ 6ರವರೆಗೆ ಅವರ ದುಡಿಮೆಯನ್ನೇ ನಿಷೇಧಿಸಿತ್ತು, ಆ ಬಾಗಿಲು ಸಡಿಲವಾದುದು 2019ರಲ್ಲಿ.

ಗದ್ದೆಯ ದುಡಿಮೆಯಂತೆಯೇ ಹೆಣ್ಣಿನ ಕಲೆಯ ದುಡಿಮೆಗೂ ಸರಿಯಾದ ಲೆಕ್ಕ ಸಿಕ್ಕಿಲ್ಲ. ಇದೇ ದರೋಜಿಯಲ್ಲಿ ಬುಡ್ಗಜಂಗಮ ಸಮುದಾಯದ ಕಥನಗಾಯಕಿ ಬುರ್ರಕಥೆ ಈರಮ್ಮ (1930–2014) ಬಾಳಿದರು. ಅಕ್ಷರ ಕಲಿಯದ ಆಕೆಯ ನೆನಪಿನಲ್ಲಿ ಹನ್ನೆರಡು ಮಹಾಕಾವ್ಯಗಳಿದ್ದವು, ಸುಮಾರು 2 ಲಕ್ಷ ಸಾಲುಗಳು. ಅವುಗಳಲ್ಲಿ ಈ ಸೀಮೆಯವನೇ ಆದ ವೀರ ಕುಮಾರರಾಮನ ಕಥೆಯೂ ಒಂದು. ತಂಗಿಯನ್ನೂ ನಾದಿನಿಯನ್ನೂ ಜೊತೆಗಿಟ್ಟುಕೊಂಡು, ಮೇಳಕ್ಕೆ ತಾವೇ ಮುಂದಾಳಾಗಿ, ಊರೂರು ತಿರುಗಿ ರಾತ್ರಿಯೆಲ್ಲ ಕಥೆ ಹೇಳಿದರು. ರಣರಂಗದ ವೀರನೂ ಅಂತಃಪುರದ ರಾಣಿಯೂ ಆ ಒಂದೇ ಕಂಠದಿಂದ ಹೊರಟು ಬರುತ್ತಿದ್ದರು. ಇಂಥ ಕಥೆಗಾರರಿಗೆ ಊರವರು ನೀಡುತ್ತಿದ್ದ ಕಾಳುಕಡಿಗೆ ಭಿಕ್ಷೆಯೆಂಬ ಹೆಸರಿತ್ತೇ ಹೊರತು ಸಂಭಾವನೆಯೆಂಬ ಗೌರವವಿರಲಿಲ್ಲ. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ, 2003ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಪದವಿಯೂ ಬಂದವು. ಆ ಮೊದಲಿನ ಮನ್ನಣೆಯ ಹೊತ್ತಿಗೆ ಆಕೆಗೆ ಎಪ್ಪತ್ತು ಸಮೀಪಿಸಿತ್ತು. ದುಡಿಮೆ ಆರಂಭವಾದುದು ಬಾಲ್ಯದಲ್ಲಿ.