‘ನಾಳೆ ಬಾ’ ಎನ್ನುವ ಮುನ್ನ...

ತೊಂಬತ್ತರ ದಶಕದಲ್ಲಿ ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದುದು ಹಲವರಿಗೆ ನೆನಪಿರಬಹುದು. ರಾತ್ರಿ ಬಂದು ಕದ ತಟ್ಟುವ ದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದರೂ ಅದೇ ಬರಹ ಕಂಡು ಮತ್ತೆ ಹೊರಟುಹೋಗುತ್ತದೆ ಎಂಬುದು ಆಗಿನ ನಂಬಿಕೆ. ದೆವ್ವದ ಸುದ್ದಿ ಅಡಗಿತು. ಬಾಗಿಲ ಮೇಲಿನ ಬರಹವೂ ಅಳಿಸಿತು. ಆದರೆ ಕೌಂಟರಿನ ಹಿಂದೆ ಆ ಎರಡು ಪದಗಳು ಅದಕ್ಕೂ ಮೊದಲಿನಿಂದ ಇದ್ದವು, ಈಗಲೂ ಇವೆ. ವ್ಯತ್ಯಾಸ ಇಷ್ಟೆ: ನಾಳೆ ಬಾ ಎಂದರೆ ದೆವ್ವಕ್ಕೆ ಒಂದು ದಿನದ ಕೂಲಿ ತಪ್ಪುವುದಿಲ್ಲ. ಮನುಷ್ಯನಿಗೆ ತಪ್ಪುತ್ತದೆ.

ಕೆ.ಆರ್. ನಗರದಿಂದ ಹಾಸನದ ಕಡೆಗೆ ಸಾಗುವ ರಸ್ತೆಯಲ್ಲಿ ಸಿಗುವ ಊರು ಭೇರ್ಯ. ಸುತ್ತಲೂ ಭತ್ತದ ಸೀಮೆ. ಇಂಥ ಊರಿಗೆ ಅಕ್ಕಪಕ್ಕದ ಹಳ್ಳಿಗಳಿಂದ ಒಬ್ಬ ಅಜ್ಜಿ ಪಿಂಚಣಿ ಹಣಕ್ಕೆಂದು ಬಂದಿದ್ದಾರೆ ಎಂದಿಟ್ಟುಕೊಳ್ಳಿ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಬಸ್ಸಿನ ಟಿಕೆಟ್ಟಿನ ಕಾಸೇನೋ ಉಳಿಯಿತು. ಆದರೆ ನಾಟಿಯ ಕಾಲದಲ್ಲಿ ಒಂದು ದಿನ ಗದ್ದೆಗೆ ಹೋಗದಿದ್ದರೆ ಆ ಕೂಲಿಯನ್ನು ಯಾವ ಯೋಜನೆಯೂ ತುಂಬಿಕೊಡುವುದಿಲ್ಲ. ಅಜ್ಜಿ ಸರತಿಯಲ್ಲಿ ನಿಂತು, ತಮ್ಮ ಪಾಳಿ ಬಂದಾಗ ಯಂತ್ರದ ಗಾಜಿನ ಮೇಲೆ ಹೆಬ್ಬೆರಳಿಡುತ್ತಾರೆ. ಯಂತ್ರ ಒಪ್ಪುವುದಿಲ್ಲ. ಇನ್ನೊಮ್ಮೆ ಇಡುತ್ತಾರೆ. ಆಗಲೂ ಇಲ್ಲ.

“ಬೆರಳು ತಗೊಳ್ತಿಲ್ಲ ಅಜ್ಜಿ, ನಾಳೆ ಬಾ.”

“ಆಗಲಿ ಸ್ವಾಮಿ” ಎಂದು ಅಜ್ಜಿ ಚೀಲ ಎತ್ತಿಕೊಳ್ಳುತ್ತಾರೆ. ನಾಳೆ ಬಂದರೆ ಬೆರಳು ಬದಲಾಗಿರುತ್ತದೆಯೆ? ಆ ಪ್ರಶ್ನೆಯನ್ನು ಅಜ್ಜಿಯೂ ಕೇಳುವುದಿಲ್ಲ, ಕೌಂಟರಿನವರೂ ಕೇಳಿಕೊಳ್ಳುವುದಿಲ್ಲ.

ಬೆರಳು ಸವೆದವರ ಪಾಡು

ಬೆರಳಿನ ಗೆರೆಗಳು ಮಗು ತಾಯಿಯ ಗರ್ಭದಲ್ಲಿದ್ದಾಗಲೇ ಮೂಡುತ್ತವೆ. ಅವುಗಳ ನಕ್ಷೆ ಚರ್ಮದ ಒಳಪದರದಲ್ಲಿರುವುದರಿಂದ ಹೊರಪದರ ಸವೆದರೂ ಅದೇ ನಕ್ಷೆ ಮತ್ತೆ ಮೇಲೆದ್ದು ಬರುತ್ತದೆ. ಆದರೆ ಸವೆತ ದಿನವೂ ನಡೆಯುತ್ತಿದ್ದರೆ ಮೇಲೇಳಲು ಬಿಡುವೆಲ್ಲಿ? ನಾಟಿ, ಕಳೆ, ಕುಯ್ಲು, ಪಾತ್ರೆಗೆ ಬೂದಿ, ಗಾರೆ ಕೆಲಸದ ಸಿಮೆಂಟು – ಇವೆಲ್ಲ ಗೆರೆಗಳನ್ನು ಉಜ್ಜಿ ಹಾಕುತ್ತವೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಮುರಿಯುವವರ ಕೈಗೆ ಎಲೆಯ ಅಂಟು ಹತ್ತಿ ಕಪ್ಪಾಗುತ್ತದೆ. ಗೆರೆಗಳ ನಡುವಿನ ಸಂದು ಮುಚ್ಚಿಹೋಗುತ್ತದೆ. ವಯಸ್ಸಾದಂತೆ ಚರ್ಮ ಒಣಗುತ್ತದೆ, ಗೆರೆಗಳ ಉಬ್ಬು ತಗ್ಗುತ್ತದೆ. ಗಾಜಿಗೆ ತಾಗುವ ಉಬ್ಬುಗೆರೆ ಮತ್ತು ತಾಗದ ತಗ್ಗುಗಳ ವ್ಯತ್ಯಾಸವನ್ನೇ ಯಂತ್ರ ಓದುವುದು. ಒಣ ಬೆರಳು ಗಾಜಿಗೆ ಸರಿಯಾಗಿ ಕೂರದೆ ಗೆರೆಗಳು ತುಂಡುತುಂಡಾಗಿ ಕಾಣುತ್ತವೆ.

ಅಂದರೆ ಯಾರು ಹೆಚ್ಚು ದುಡಿದಿದ್ದಾರೋ ಅವರ ಬೆರಳನ್ನೇ ಯಂತ್ರ ಗುರುತಿಸಲು ಕಷ್ಟಪಡುತ್ತದೆ. ಪಿಂಚಣಿ, ಪಡಿತರ ಹೆಚ್ಚು ಬೇಕಾದವರೂ ಅವರೇ!

ಇದಕ್ಕೆ ಪರಿಹಾರ ಬಹಳ ಸಲ ಕೌಂಟರಿನ ಪಕ್ಕದ ನಲ್ಲಿಯಲ್ಲೇ ಇರುತ್ತದೆ. ಕೈ ತೊಳೆದು, ಒರೆಸಿ, ಬೆರಳು ಇನ್ನೂ ಸ್ವಲ್ಪ ಮೆತ್ತಗಿರುವಾಗ ಇಡಬೇಕು. ತೊಟ್ಟಿಕ್ಕುವ ಒದ್ದೆಯೂ ಆಗದು. ಬೆರಳ ತುದಿಯನ್ನು ಚುಚ್ಚಿದಂತೆ ಇಡದೆ ಮಟ್ಟಸವಾಗಿ ಇಡಬೇಕು. ಬಲವಾಗಿ ಒತ್ತಿದರೆ ಗೆರೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಯಂತ್ರದ ಗಾಜನ್ನು ಬಟ್ಟೆಯಿಂದ ಒರೆಸಬೇಕು. ಹೆಬ್ಬೆರಳು ಆಗದಿದ್ದರೆ ಬೇರೆ ಬೆರಳು ನೋಡಬೇಕು. ಆಧಾರ್‌ಗಾಗಿ ಪಡೆದಿರುವುದು ಒಂದು ಬೆರಳಿನ ಗುರುತಲ್ಲ. ಹತ್ತು ಬೆರಳು ಮತ್ತು ಎರಡು ಕಣ್ಣಿನ ಪಾಪೆಗಳ ಗುರುತು. ಯಾವ ಬೆರಳೂ ಹೊಂದದಿದ್ದರೆ ಆಧಾರ್ ಕೇಂದ್ರದಲ್ಲಿ ಗುರುತನ್ನು ಹೊಸದಾಗಿ ನೀಡಬಹುದು. ಇಷ್ಟನ್ನು ಹೇಳಲು ಅರ್ಧ ನಿಮಿಷ ಸಾಕು.

“ಅಜ್ಜಿ, ನಲ್ಲಿ ಹತ್ರ ಕೈ ತೊಳ್ಕೊಂಡು, ಒರೆಸ್ಕೊಂಡು ಬನ್ನಿ. ಬೇರೆ ಬೆರಳು ನೋಡೋಣ” ಎಂಬ ಮಾತಿಗೂ “ನಾಳೆ ಬಾ” ಎಂಬ ಮಾತಿಗೂ ನಡುವೆ ಇರುವುದು ಒಂದು ದಿನದ ಗಂಜಿ.

ಕಾನೂನು ಏನೆನ್ನುತ್ತದೆ?

ಪಡಿತರದ ವಿಷಯದಲ್ಲಿ ಇದು ಬರಿಯ ಕರುಣೆಯ ಮಾತಲ್ಲ. ಬೆರಳಚ್ಚು ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಹರಿಗೆ ಧಾನ್ಯ ನಿರಾಕರಿಸಬಾರದು ಎಂದು ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರಿನಲ್ಲಿ ರಾಜ್ಯಗಳಿಗೆ ತಿಳಿಸಿತ್ತು. 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ದೃಢೀಕರಣ ವಿಫಲವಾಯಿತೆಂದು ಸೌಲಭ್ಯ ತಪ್ಪಬಾರದು ಎಂಬ ನಿಲುವನ್ನೇ ತಳೆಯಿತು.

‘ನಾಳೆ ಬಾ’ ಎಂಬ ಮಾತಿನ ಮೇಲೇ ಕರ್ನಾಟಕ ಒಂದು ಕಾನೂನು ಮಾಡಿತು ಎಂದರೂ ತಪ್ಪಿಲ್ಲ. 2011ರಲ್ಲಿ ರೂಪುಗೊಂಡ ಆ ಕಾಯ್ದೆ ‘ಸಕಾಲ’ ಎಂಬ ಹೆಸರಿನಲ್ಲಿ 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದಿತು. ಮೊದಲಿಗೆ 11 ಇಲಾಖೆಗಳ 151 ಸೇವೆಗಳಿದ್ದವು. ಮುಂದೆ ಪಟ್ಟಿ ಬೆಳೆಯುತ್ತಾ ಹೋಯಿತು. ಅರ್ಜಿ ಕೊಟ್ಟವರಿಗೆ 15 ಅಂಕಿಗಳ ಒಂದು ಸಂಖ್ಯೆ ಸಿಗಬೇಕು, ಗೊತ್ತಾದ ದಿನದೊಳಗೆ ಕೆಲಸ ಮುಗಿಯಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳುವ ಹಕ್ಕು ಅರ್ಜಿದಾರರದು. ಜಾತಿ ಪ್ರಮಾಣಪತ್ರಕ್ಕೋ ಆದಾಯ ಪ್ರಮಾಣಪತ್ರಕ್ಕೋ ಅರ್ಜಿ ಹಾಕಿದವರು ಆ ಸಂಖ್ಯೆಯಿರುವ ಚೀಟಿಯನ್ನು ಕೇಳಿ ಪಡೆಯಬೇಕು, ಕಳೆಯಬಾರದು.

ಆದರೆ ಸಕಾಲ ದಿನಗಳನ್ನು ಎಣಿಸಬಲ್ಲದು, ಮಾತನ್ನು ಅಳೆಯಲಾರದು. ಚೀಟಿಯಲ್ಲಿ ಏನಿದೆ ಎಂದು ಓದಲು ಬಾರದವರಿಗೆ ಅದನ್ನು ಹೇಳಬೇಕಾದವರು ಕೌಂಟರಿನವರೇ.

ಕೌಂಟರಿನ ಆಚೆ ಬದಿ

ಹಾಗೆಂದು ಎಲ್ಲ ತಪ್ಪನ್ನೂ ಕೌಂಟರಿನವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಒಂದು ಕಾಲಕ್ಕೆ ‘ಸರ್ವರ್’ ಎಂದರೆ ಹೋಟೆಲಿನಲ್ಲಿ ದೋಸೆ ತಂದಿಡುವವನು. ಅವನು ಬರಲಿಲ್ಲವೆಂದರೆ ಕೂಗಿ ಕರೆಯಬಹುದಿತ್ತು. ಈಗಿನ ಸರ್ವರ್ ಎಲ್ಲೋ ದೂರದ ಊರಿನಲ್ಲಿರುವ ಕಂಪ್ಯೂಟರು. ಅದು ಮಲಗಿದರೆ ಭೇರ್ಯದಲ್ಲಿ ಕುಳಿತ ಹುಡುಗನೋ ಹುಡುಗಿಯೋ ಏನು ಮಾಡಿಯಾರು? ಸರತಿಯಲ್ಲಿ ನಿಂತವರ ಬೈಗುಳವೆಲ್ಲ ಎದುರಿಗೆ ಕಾಣುವ ಮುಖಕ್ಕೇ ಬೀಳುತ್ತದೆ. ನಿಯಮ ಮಾಡಿದವರು ಎದುರಿಗಿಲ್ಲ, ಯಂತ್ರ ಕೊಂಡವರೂ ಇಲ್ಲ. ದಿನವಿಡೀ ಬೈಸಿಕೊಂಡವರ ಬಾಯಲ್ಲಿ ಸಂಜೆಗೆ ಒಳ್ಳೆಯ ಮಾತು ಉಳಿಯುವುದು ಕಷ್ಟವೇ. ಆದ್ದರಿಂದ ಎದುರಿಗೆ ನಿಂತವರಿಗೂ ಒಂದು ಕರ್ತವ್ಯವಿದೆ: ಕೂಗುವ ಮೊದಲು ಕೇಳುವುದು. “ಯಾಕಾಗಲಿಲ್ಲ? ಏನು ಮಾಡಿದರೆ ಆಗುತ್ತೆ? ಯಾವಾಗ ಬಂದರೆ ಖಂಡಿತ ಸಿಗುತ್ತೆ?” – ಈ ಮೂರು ಪ್ರಶ್ನೆಗಳನ್ನು ಸಮಾಧಾನವಾಗಿ ಕೇಳಿದರೆ ಉತ್ತರ ಸಿಗದಿರುವುದು ಅಪರೂಪ.

ಅನೇಕ ಬ್ಯಾಂಕುಗಳ ಗೋಡೆಯ ಮೇಲೆ ಗ್ರಾಹಕನೇ ನಮ್ಮಲ್ಲಿಗೆ ಬರುವ ಮುಖ್ಯ ಅತಿಥಿ ಎಂಬ ಅರ್ಥದ ಮಾತುಗಳು ಗಾಂಧೀಜಿಯವರ ಚಿತ್ರದೊಡನೆ ತೂಗುತ್ತಿರುತ್ತವೆ. ಹುಡುಕಿದವರಿಗೆ ಅವು ಗಾಂಧೀಜಿಯವರ ಬರಹದಲ್ಲಿ ಸಿಕ್ಕಿಲ್ಲ. ಅಮೆರಿಕದ ಸ್ಟುಡ್‌ಬೇಕರ್ ಎಂಬ ಮೋಟಾರು ಕಂಪನಿಯ ಮಾರಾಟ ಅಧಿಕಾರಿ ಕೆನೆತ್ ಎಲಿಯಟ್ ಹೆಸರಿನಲ್ಲಿ 1941ರಲ್ಲಿ ಅಂಥವೇ ಮಾತುಗಳು ಅಚ್ಚಾಗಿದ್ದವು. ಯಾರದಾದರೇನು, ಮಾತು ಒಳ್ಳೆಯದೇ. ಆದರೆ ಅದು ಕಾರು ಕೊಳ್ಳಲು ಬಂದವನನ್ನು ನೆನೆದು ಆಡಿದ ಮಾತು. ಅವನಿಗೆ ಈ ಅಂಗಡಿಯಲ್ಲದಿದ್ದರೆ ಇನ್ನೊಂದಿದೆ. ಪಿಂಚಣಿಗೆ ಬಂದ ಅಜ್ಜಿ ಬೇಸತ್ತು ಬೇರೆ ಸರ್ಕಾರದ ಬಳಿಗೆ ಹೋಗಲಾರರು. ಹೋಗಲು ಬೇರೆ ಜಾಗವಿಲ್ಲದವರಿಗೇ ಒಳ್ಳೆಯ ಮಾತಿನ ಅಗತ್ಯ ಹೆಚ್ಚು.

ನಮ್ಮ ಹಳ್ಳಿಗಳಿಗೆ ಈ ಪಾಠ ಹೊಸದೇನಲ್ಲ. ಮನಿಯಾರ್ಡರು ತಂದ ಪೋಸ್ಟ್‌ಮನ್ ಹಣ ಎಣಿಸಿಕೊಟ್ಟು, ಜಗಲಿಯಲ್ಲಿ ಕುಳಿತು, ಓದಲು ಬಾರದವರಿಗೆ ಕಾಗದವನ್ನೂ ಓದಿ ಹೇಳುತ್ತಿದ್ದ ಕಾಲವಿತ್ತು. ಓದಿ ಹೇಳುವುದಕ್ಕೆ ಅವನಿಗೆ ಸಂಬಳವಿರಲಿಲ್ಲ. 2018ರ ಸೆಪ್ಟೆಂಬರ್ 1ರಂದು ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ ಆರಂಭವಾದ ಮೇಲೆ ಪೋಸ್ಟ್‌ಮನ್ ಚೀಲದಲ್ಲಿ ಬೆರಳಚ್ಚಿನ ಯಂತ್ರವೂ ಸೇರಿಕೊಂಡಿದೆ. ಮನೆ ಬಾಗಿಲಲ್ಲೇ ಹಣ ಪಡೆಯುವ ಅನುಕೂಲ ಬಂದಿದೆ. ನಡೆಯಲಾರದ ಹಿರಿಯರಿರುವ ಮನೆಯವರು ಹತ್ತಿರದ ಅಂಚೆ ಕಚೇರಿಯಲ್ಲಿ ಒಮ್ಮೆ ವಿಚಾರಿಸಬೇಕು.

ಯಂತ್ರ ಬದಲಾಗುತ್ತದೆ, ಯೋಜನೆಯ ಹೆಸರು ಬದಲಾಗುತ್ತದೆ. ಬೆರಳು ಒಪ್ಪದಿದ್ದಾಗ “ಕೂತ್ಕೊಳ್ಳಿ ಅಜ್ಜಿ, ಇನ್ನೊಂದ್ಸಲ ನೋಡೋಣ” ಎನ್ನಲು ಮಾತ್ರ ಎದುರಿಗೆ ಒಬ್ಬ ಮನುಷ್ಯನೇ ಬೇಕು. ಆ ಮಾತು ಕೇಳಿಸಿಕೊಂಡ ಅಜ್ಜಿ ಮಧ್ಯಾಹ್ನದ ಬಸ್ಸಿಗೇ ಊರು ಸೇರುತ್ತಾರೆ. ನಾಳೆ ಬೆಳಿಗ್ಗೆ ಗದ್ದೆಗೆ ಹೋಗುತ್ತಾರೆ.