ನೋವಿನಲ್ಲಿ ಪಾಲುಗೊಳ್ಳುವ ದೇವರು

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯ ಹುಡುಗನೊಬ್ಬ ಕೆರೆಯಲ್ಲಿ ಮುಳುಗಿ ತೀರಿಕೊಂಡ. ದಾರಿಹೋಕರಿಬ್ಬರು ಉಟ್ಟ ಬಟ್ಟೆಯಲ್ಲೇ ನೀರಿಗೆ ಧುಮುಕಿ ಹುಡುಕಿದರಂತೆ, ಫಲವಾಗಲಿಲ್ಲ. ಮರುದಿನ ತರಗತಿಯಲ್ಲಿ ಅವನ ಗೆಳೆಯ ಎದ್ದು ನಿಂತು, “ದೇವರು ಸರ್ವಶಕ್ತನೆಂದು ಪಾಠದಲ್ಲಿ ಹೇಳಿದಿರಿ. ಹಾಗಾದರೆ ಅವನನ್ನೇಕೆ ಹಿಡಿದೆತ್ತಲಿಲ್ಲ, ಸಾರ್?” ಎಂದು ಕೇಳಿದ. ಸಂಧಿಯನ್ನೋ ಸಮಾಸವನ್ನೋ ಕೇಳಿದ್ದರೆ ಒಡನೆಯೇ ಹೇಳಿಬಿಡುತ್ತಿದ್ದೆ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕರ್ಮವೆನ್ನಲು ಬಾಯಿ ಬರಲಿಲ್ಲ. ಲೀಲೆಯೆನ್ನಲು ಮನಸ್ಸು ಒಪ್ಪಲಿಲ್ಲ.

ಈ ಪ್ರಶ್ನೆಯನ್ನು ಬೇರೆ ನಾಡಿನವರು ಹೇಗೆ ಎದುರಿಸಿದ್ದಾರೆಂದು ಅಂದಿನಿಂದ ಓದತೊಡಗಿದೆ. ಹಾಗೆ ಓದುವಾಗ ಕಣ್ಣಿಗೆ ಬಿದ್ದುದು ಪಶ್ಚಿಮದವರ ಪ್ರೋಸೆಸ್ ಥಿಯಾಲಜಿ. ಪ್ರಕ್ರಿಯಾ ದೇವಮೀಮಾಂಸೆಯೆಂದು ನಾವು ಕರೆಯೋಣ. ನಾನು ಇದರಲ್ಲಿ ಇನ್ನೂ ಹೊಸ ವಿದ್ಯಾರ್ಥಿ. ಗ್ರಹಿಸಿದಷ್ಟನ್ನು ನಿಮ್ಮ ಮುಂದಿಡುತ್ತೇನೆ.

ಇದಕ್ಕೆ ಬುನಾದಿ ಹಾಕಿದವನು ಆಲ್‌ಫ್ರೆಡ್ ನಾರ್ತ್ ವೈಟ್‌ಹೆಡ್. 1861ರಲ್ಲಿ ಇಂಗ್ಲೆಂಡಿನ ಪಾದ್ರಿಯೊಬ್ಬರ ಮನೆಯಲ್ಲಿ ಹುಟ್ಟಿದ ಈತ ಮೊದಲು ಗಣಿತಜ್ಞ. ಕೇಂಬ್ರಿಜ್‌ನಲ್ಲಿ ಅಧ್ಯಾಪಕನಾಗಿದ್ದು, ತನ್ನ ಶಿಷ್ಯನಾಗಿದ್ದ ಬರ್ಟ್ರಂಡ್ ರಸೆಲನೊಡನೆ ಗಣಿತದ ತರ್ಕಮೂಲವನ್ನು ಕುರಿತು ಮೂರು ಸಂಪುಟಗಳ ಮಹಾಗ್ರಂಥವನ್ನು 1910ರಿಂದ 1913ರವರೆಗೆ ಹೊರತಂದ. 1918ರಲ್ಲಿ, ಮೊದಲನೆಯ ಮಹಾಯುದ್ಧದ ಕೊನೆಯ ವರ್ಷ, ವಿಮಾನ ದಳದಲ್ಲಿದ್ದ ಅವನ ಕಿರಿಯ ಮಗ ಎರಿಕ್ ಮಡಿದ. ಅರುವತ್ತಮೂರನೆಯ ವಯಸ್ಸಿನಲ್ಲಿ, ಉಳಿದವರು ವಿಶ್ರಾಂತಿಯನ್ನು ಎದುರುನೋಡುವ ಕಾಲದಲ್ಲಿ, ಈತ ಅಮೆರಿಕದ ಹಾರ್ವರ್ಡಿಗೆ ಹೋಗಿ ತತ್ತ್ವಶಾಸ್ತ್ರ ಕಲಿಸಲು ನಿಂತ. 1929ರಲ್ಲಿ ಬಂದ ‘ಪ್ರೋಸೆಸ್ ಅಂಡ್ ರಿಯಾಲಿಟಿ’ ಎಂಬ ಅವನ ಕೃತಿ ಈ ಮತಕ್ಕೆ ಮೂಲ. ಅದು ಕಬ್ಬಿಣದ ಕಡಲೆ. ಬಲ್ಲವರ ವಿವರಣೆಯ ಊರುಗೋಲಿಲ್ಲದೆ ನನ್ನಂಥವನು ನಾಲ್ಕು ಪುಟ ದಾಟಲಾರ.

ಆದರೂ ತಿರುಳನ್ನು ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳಬಹುದು. ಜಗತ್ತು ನಾಮಪದಗಳಿಂದಾದುದೆಂದು ನಾವು ಭಾವಿಸುತ್ತೇವೆ: ಕಲ್ಲು, ಮರ, ಮನುಷ್ಯ. ಇವೆಲ್ಲ ಮೊದಲು ಇವೆ, ಆಮೇಲೆ ಏನನ್ನೋ ಮಾಡುತ್ತವೆ ಎಂಬುದು ನಮ್ಮ ಎಣಿಕೆ. ಅಲ್ಲ, ಜಗತ್ತೆಲ್ಲ ಕ್ರಿಯಾಪದಗಳೇ ಎನ್ನುತ್ತಾನೆ ವೈಟ್‌ಹೆಡ್. ನಿಮ್ಮ ರೇಡಿಯೋದಲ್ಲಿ ಬರುವ ಹಾಡನ್ನೇ ನೆನೆಯಿರಿ. ಒಂದು ಸ್ವರ ಹುಟ್ಟಿ, ಹಿಂದಿನ ಸ್ವರಗಳ ನೆನಪನ್ನು ಹೊತ್ತು, ಮುಂದಿನದಕ್ಕೆ ಎಡೆಕೊಟ್ಟು ಅಡಗುತ್ತದೆ. ನಿಂತರೆ ಹಾಡೇ ಇಲ್ಲ. ಜಗತ್ತೂ ಹಾಗೆಯೇ ಕ್ಷಣಕ್ಷಣದ ಆಗುವಿಕೆ. ಪ್ರತಿ ಕ್ಷಣವೂ ಹಿಂದಿನದನ್ನೆಲ್ಲ ಬರಮಾಡಿಕೊಂಡು, ತನ್ನದೂ ಒಂದಿಷ್ಟನ್ನು ಸೇರಿಸಿ, ಮುಂದಿನ ಕ್ಷಣಕ್ಕೆ ಸಾಮಗ್ರಿಯಾಗುತ್ತದೆ. ಬೌದ್ಧರ ಕ್ಷಣಿಕವಾದವನ್ನು ಬಲ್ಲವರಿಗೆ ಇದು ತೀರ ಹೊಸದೆನಿಸದು. ತನ್ನ ದರ್ಶನ ಭಾರತ, ಚೀನಗಳ ಕೆಲವು ವಿಚಾರಧಾರೆಗಳಿಗೆ ಹತ್ತಿರವೆಂದು ವೈಟ್‌ಹೆಡ್ಡನೂ ಒಪ್ಪಿದ್ದಾನೆ.

ಇಂಥ ಜಗತ್ತಿನಲ್ಲಿ ದೇವರ ಕೆಲಸವೇನು? ದೇವರಿಗೆ ಎರಡು ಮುಖಗಳೆಂದು ಈ ಮತ ಹೇಳುತ್ತದೆ. ಒಂದು, ಆಗಬಹುದಾದುದನ್ನೆಲ್ಲ ತನ್ನಲ್ಲಿ ಹಿಡಿದು, ಪ್ರತಿ ಕ್ಷಣದ ಮುಂದೆಯೂ ಆ ಸನ್ನಿವೇಶದಲ್ಲಿ ಸಾಧ್ಯವಾದ ಒಳಿತನ್ನು ತೋರುವ ಮುಖ. ಇನ್ನೊಂದು, ಆದುದನ್ನೆಲ್ಲ, ಸುಖವನ್ನೂ ದುಃಖವನ್ನೂ, ತನ್ನೊಳಗೆ ಬರಮಾಡಿಕೊಂಡು ಉಳಿಸಿಕೊಳ್ಳುವ ಮುಖ. ಈ ದೇವರು ಬಲಾತ್ಕರಿಸುವುದಿಲ್ಲ, ಒಲಿಸುತ್ತಾನೆ. ಉಪಾಧ್ಯಾಯನಾದ ನನಗೆ ಇದು ಸುಲಭವಾಗಿ ಅರ್ಥವಾಯಿತು. ಬೆತ್ತ ಹಿಡಿದು ಹುಡುಗನನ್ನು ಬೆಂಚಿನ ಮೇಲೆ ಕೂರಿಸಬಹುದು. ಅವನ ಪರವಾಗಿ ಕಲಿಯಲಾಗದು. ಕಲಿಕೆ ಅವನೊಳಗಿನಿಂದಲೇ ಆಗಬೇಕು.

ಈ ವಿಚಾರವನ್ನು ಬೆಳೆಸಿದವರಲ್ಲಿ ಮುಖ್ಯನು ಅಮೆರಿಕದ ಚಾರ್ಲ್ಸ್ ಹಾರ್ಟ್‌ಶೋರ್ನ್. 1897ರಿಂದ 2000ದವರೆಗೆ ನೂರಮೂರು ವರ್ಷ ಬಾಳಿದ ಈತ ಹಕ್ಕಿಗಳ ಹಾಡನ್ನು ಕುರಿತು ಪುಸ್ತಕ ಬರೆದ ರಸಿಕನೂ ಹೌದು. ದೇವರು ನಿರ್ವಿಕಾರ, ಯಾವ ನೋವೂ ಅವನನ್ನು ಮುಟ್ಟದು ಎಂಬುದು ಕ್ರೈಸ್ತ ಪಂಡಿತರ ಹಳೆಯ ಸಿದ್ಧಾಂತ. ಹಾರ್ಟ್‌ಶೋರ್ನ್ ಇದನ್ನು ತಿರುಗಿಸಿ ಕೇಳಿದ: ಮಗುವಿನ ಜ್ವರಕ್ಕೆ ಮಿಡಿಯದ ತಾಯಿಯನ್ನು ಪರಿಪೂರ್ಣಳೆನ್ನುವಿರೇನು? ಎಲ್ಲರ ನೋವೂ ಮುಟ್ಟುವವನೇ ಪರಿಪೂರ್ಣನೆಂಬುದು ಅವನ ವಾದದ ಸಾರ. ಮುಂದೆ ಜಾನ್ ಕಾಬ್ ಮತ್ತು ಡೇವಿಡ್ ಗ್ರಿಫಿನ್ 1973ರಲ್ಲಿ ಕ್ಯಾಲಿಫೋರ್ನಿಯದ ಕ್ಲೇರ್‌ಮಂಟ್‌ನಲ್ಲಿ ಇದರ ಅಧ್ಯಯನಕ್ಕೆಂದೇ ಒಂದು ಕೇಂದ್ರವನ್ನು ತೆರೆದರು.

ಆಕ್ಷೇಪಗಳೂ ಸಣ್ಣವಲ್ಲ. ಕೈಹಿಡಿದು ತಡೆಯಲಾರದ ದೇವರಿಗೆ ಕೈಮುಗಿಯುವುದೇಕೆ? ಕೊನೆಗೆ ಒಳಿತೇ ಗೆಲ್ಲುವುದೆಂಬ ಭರವಸೆಯನ್ನು ಅವನು ಕೊಡಬಲ್ಲನೆ? ಮಗನನ್ನು ಕಳೆದುಕೊಂಡ ತಾಯಿಗೆ, ಅವನು ದೇವರ ನೆನಪಿನಲ್ಲಿ ಉಳಿದಿದ್ದಾನೆಂದರೆ ಸಾಕಾದೀತೆ? ಮೊದಲೆರಡಕ್ಕೆ ಈ ಪಂಥದವರು ಸಮಾಧಾನ ಹೇಳುತ್ತಾರೆ: ದಂಡಿಸುವ ಅರಸನಿಗಿಂತ ಒಲಿಸುವ ಪ್ರೀತಿಯೇ ಪೂಜ್ಯ, ಒಳಿತಿನ ಗೆಲುವು ನಮ್ಮ ಸಹಾಯವಿಲ್ಲದೆ ಆಗದು. ಮೂರನೆಯದಕ್ಕೆ, ಯಾರು ಏನು ಹೇಳಿದರೂ, ಸಾಕೆಂದು ಹೇಳುವ ಧೈರ್ಯ ನನಗಿಲ್ಲ.

ಈ ಮತವನ್ನು ನೀವು ಒಪ್ಪಬೇಕೆಂದು ನಾನು ಹೇಳುವುದಿಲ್ಲ. ನಾನೇ ಪೂರ್ತಿ ಒಪ್ಪಿಲ್ಲ. ಆದರೆ ಆ ಹುಡುಗನ ಪ್ರಶ್ನೆಯನ್ನು ಈಗ ಬೇರೆ ಕಡೆಯಿಂದ ನೋಡಬಲ್ಲೆ. ಅಂದು ಕೆರೆಯ ಬಳಿ ದೇವರು ಎಲ್ಲಿದ್ದನೆಂದು ಕೇಳಿದರೆ, ಈ ಪಂಥದವರು ನೀರಿಗೆ ಧುಮುಕಿದ ಆ ಇಬ್ಬರ ಕಡೆಗೆ ಕೈ ತೋರುತ್ತಾರೆ. ಕರೆ ಅಲ್ಲಿತ್ತು, ಅವರು ಓಗೊಟ್ಟರು. ಆದರೂ ಹುಡುಗ ಉಳಿಯಲಿಲ್ಲ. ಆ ದುಃಖ ದೇವರದೂ ಆಯಿತು.

ಅಂದು ಪ್ರಶ್ನೆ ಕೇಳಿದವನು ಈಗ ಬೇರೆ ಊರಿನಲ್ಲಿ ಉದ್ಯೋಗದಲ್ಲಿದ್ದಾನೆ. ಮತ್ತೊಮ್ಮೆ ಸಿಕ್ಕರೆ ಇಷ್ಟನ್ನು ಅವನಿಗೆ ಹೇಳಬೇಕೆಂದಿದ್ದೇನೆ. ಅವನು ಒಪ್ಪದೆ ಇನ್ನೊಂದು ಪ್ರಶ್ನೆ ಹಾಕಿದರೂ ನನಗೆ ಬೇಸರವಿಲ್ಲ.