ರಂಗಬೀದಿಯ ಪುನರ್ಜನ್ಮ

ಬೀದಿಗಳಿಗೂ ಮನುಷ್ಯರಂತೆ ಏಳುಬೀಳುಗಳುಂಟು. ನ್ಯೂಯಾರ್ಕ್ ನಗರದ ನಲವತ್ತೆರಡನೆಯ ಬೀದಿಯಲ್ಲಿರುವ ಒಂದು ರಂಗಮಂದಿರದ ಕಥೆಯನ್ನು ಕೇಳಿದರೆ ವಾಚಕರು ಈ ಮಾತನ್ನು ಒಪ್ಪದಿರಲಾರರು.

1900ರಲ್ಲಿ ಅದು ನಾಟಕಶಾಲೆಯಾಗಿ ಬಾಗಿಲು ತೆರೆಯಿತು. 1904ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಸೌಧವು ಸಮೀಪದಲ್ಲಿಯೇ ತಲೆಯೆತ್ತಿ, ಅಲ್ಲಿನ ಚೌಕಕ್ಕೆ ಟೈಮ್ಸ್ ಸ್ಕ್ವೇರ್ ಎಂಬ ಹೆಸರು ಬಂದಿತು. ಆ ಪ್ರದೇಶವು ನಾಟಕಪ್ರಿಯರ ಯಾತ್ರಾಸ್ಥಳವಾಯಿತು. ಆದರೆ 1929ರ ಆರ್ಥಿಕ ಕುಸಿತದ ತರುವಾಯ ಒಂದೊಂದಾಗಿ ನಾಟಕಶಾಲೆಗಳು ಸಿನಿಮಾಮಂದಿರಗಳಾದುವು. 1970ರ ದಶಕದ ಹೊತ್ತಿಗೆ ನಮ್ಮ ಈ ರಂಗಮಂದಿರದ ತೆರೆಯ ಮೇಲೆ ಅಶ್ಲೀಲ ಚಿತ್ರಗಳು ಕುಣಿಯುತ್ತಿದ್ದುವು! ಹೊರಗೆ ಬೀದಿಯುದ್ದಕ್ಕೂ ಮಾದಕದ್ರವ್ಯದ ವ್ಯಾಪಾರ, ಜೇಬುಗಳ್ಳತನ, ಸುಲಿಗೆ.

ಈ ರೋಗವು ಒಂದೇ ಮದ್ದಿಗೆ ಬಗ್ಗುವಂಥದಾಗಿರಲಿಲ್ಲ. 1990ರಲ್ಲಿ ರಾಜ್ಯ ಸರ್ಕಾರವು ಹಳೆಯ ರಂಗಮಂದಿರಗಳನ್ನು ವಶಪಡಿಸಿಕೊಂಡಿತು. ಅವುಗಳ ಜೀರ್ಣೋದ್ಧಾರಕ್ಕಾಗಿ ಲಾಭದ ಆಸೆಯಿಲ್ಲದ ಸಂಸ್ಥೆಯೊಂದು ಸ್ಥಾಪಿತವಾಯಿತು. 1992ರಲ್ಲಿ ಅಲ್ಲಿನ ಆಸ್ತಿವಂತರು ತಮ್ಮ ಮೇಲೆ ತಾವೇ ಹೆಚ್ಚುವರಿ ತೆರಿಗೆ ವಿಧಿಸಿಕೊಳ್ಳಲು ಒಪ್ಪಿದರು. ನಗರಾಡಳಿತವು ಅದನ್ನು ವಸೂಲು ಮಾಡಿ ಆ ಪ್ರದೇಶಕ್ಕೇ ಹಿಂದಿರುಗಿಸುತ್ತಿತ್ತು. ಆ ಹಣದಿಂದ ಕಸ ಗುಡಿಸುವವರೂ ಕಾವಲುಗಾರರೂ ನೇಮಕಗೊಂಡರು. 1993ರಲ್ಲಿ ಸಮುದಾಯ ನ್ಯಾಯಾಲಯವೊಂದು ಪ್ರಾರಂಭವಾಯಿತು. ಸಣ್ಣಪುಟ್ಟ ಅಪರಾಧಿಗಳು ತಾವು ಕೆಡಿಸಿದ ಬೀದಿಯನ್ನು ತಾವೇ ಶುಚಿಗೊಳಿಸಬೇಕು. ವ್ಯಸನಿಗಳಿಗೆ ಚಿಕಿತ್ಸೆಯ ನೆರವುಂಟು. ಶಿಕ್ಷೆಯಲ್ಲಿಯೂ ಎಂಥ ಔಚಿತ್ಯ!

1995ರಲ್ಲಿ ಆ ರಂಗಮಂದಿರವು 'ನ್ಯೂ ವಿಕ್ಟರಿ' ಎಂಬ ಹೆಸರಿನಿಂದ ಪುನಃ ತೆರೆಯಿತು. ತಾಯಂದಿರು ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ಬಾಗಿಲಿನೊಳಗೆ ಈಗ ಮಕ್ಕಳ ನಾಟಕಗಳು ನಡೆಯತೊಡಗಿದುವು.

ಆದರೂ ಕಥೆ ಇಲ್ಲಿಗೆ ಮುಗಿಯದು. ಬೀದಿ ಬೆಳಗಿದಂತೆ ಬಾಡಿಗೆಯೂ ಏರಿತು. ಚಿಕ್ಕ ಅಂಗಡಿಗಳನೇಕವು ಮಾಯವಾದುವು. ಹಳೆಯ ಬೀದಿಯಲ್ಲಿ ಬಡವ ಬಲ್ಲಿದರು ಪರಸ್ಪರ ಬೆರೆಯುತ್ತಿದ್ದರು, ಆ ಸಂಪರ್ಕ ತಪ್ಪಿಹೋಯಿತೆಂದು ಲೇಖಕ ಸ್ಯಾಮ್ಯುಯೆಲ್ ಡಿಲೇನಿ 1999ರ ತನ್ನ ಗ್ರಂಥದಲ್ಲಿ ಮರುಗಿದ್ದಾನೆ. ಈ ಮರುಕವನ್ನು ನಾವು ತಳ್ಳಿಹಾಕುವಂತಿಲ್ಲ.

ಇದಕ್ಕೂ ಪರಿಹಾರವಿಲ್ಲದಿಲ್ಲ. ಅದೇ ನೆರೆಯ ಮ್ಯಾನ್‌ಹಟನ್ ಪ್ಲಾಜಾ ಎಂಬ ವಸತಿಸಮುಚ್ಚಯವನ್ನು ಮಧ್ಯಮವರ್ಗದವರಿಗೆಂದು ಕಟ್ಟಿದ್ದರು. ಆ ಬೀದಿಗೆ ಬರಲು ಅವರಿಗೆ ಧೈರ್ಯ ಸಾಲಲಿಲ್ಲ. 1977ರಲ್ಲಿ ಅದು ಬಹುಪಾಲು ರಂಗಕಲಾವಿದರ ಮನೆಯಾಯಿತು. ವೃದ್ಧರಿಗೂ ನೆರೆಹೊರೆಯವರಿಗೂ ಪಾಲು ದೊರೆಯಿತು. ಬಾಡಿಗೆ ಅವರವರ ವರಮಾನಕ್ಕೆ ತಕ್ಕಷ್ಟು.

ದೀಪ ಹಚ್ಚಿದವನಿಗೂ ಆ ಬೆಳಕಿನಲ್ಲಿ ಒಂದಿಷ್ಟು ಸ್ಥಳವಿರಬೇಕು. ಆಗಲೇ ಬೀದಿ ಬದುಕಿತೆನ್ನಬಹುದು.